ಮಣ್ಣೆತ್ತು ಮತ್ತು ಮದರಾಸಿನ ಮಳೆ

ನಮ್ಮ ಮನೆಯ ಗೋಡೆಯ ಮೇಲೆ ಎರಡು ಕ್ಯಾಲೆಂಡರುಗಳು ಅಕ್ಕಪಕ್ಕದಲ್ಲಿ ತೂಗುತ್ತವೆ. ಒಂದು, ಊರಿಂದ ಬರುವವರ ಕೈಯಲ್ಲಿ ವರ್ಷವರ್ಷವೂ ತರಿಸಿಕೊಳ್ಳುವ ಕನ್ನಡದ್ದು. ಇನ್ನೊಂದು, ಬೀದಿಯ ಮೂಲೆಯ ದಿನಸಿ ಅಂಗಡಿಯವರು ಕೊಡುವ, ದಿನಕ್ಕೊಂದು ಹಾಳೆ ಹರಿಯುವ ತಮಿಳಿನದು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ರಾಹುಕಾಲ, ಇವೆಲ್ಲ ತಮಿಳಿನದರಲ್ಲಿ. ಹಬ್ಬ, ತಿಥಿ, ಹಿರಿಯರ ಶ್ರಾದ್ಧ ಕನ್ನಡದ್ದರಲ್ಲಿ. ಚೆನ್ನೈಯಲ್ಲಿ ನೆಲೆಸಿದ ಬಹುಪಾಲು ಕನ್ನಡಿಗರ ಮನೆಗಳಲ್ಲಿ ಈ ಜೋಡಿ ಇದ್ದೇ ಇರುತ್ತದೆ. ಎರಡೂ ಒಂದೇ ಸೂರ್ಯಚಂದ್ರರನ್ನು ಎಣಿಸುತ್ತವೆ. ಆದರೂ ವರ್ಷದ ಅರ್ಧ ಭಾಗ ಒಂದಕ್ಕೊಂದು ಹೊಂದುವುದಿಲ್ಲ.

ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎರಡು ಮಣ್ಣಿನ ಎತ್ತುಗಳನ್ನೂ ಒಂದು ಗೋದಲಿಯನ್ನೂ ಮಾಡಿ ದೇವರ ಮುಂದೆ ಇಟ್ಟಿದ್ದೆವು. ಮೊಮ್ಮಗಳು ಬಂದು ನೋಡಿ, "ಅಜ್ಜಾ, ಈ ಎತ್ತು ಎಲ್ಲಿ ಉಳುತ್ತೆ? ಮಳೆನೇ ಬಂದಿಲ್ವಲ್ಲ?" ಎಂದು ಕೇಳಿದಳು. ಹೊರಗೆ ಬಿಸಿಲು ಕುದಿಯುತ್ತಿತ್ತು. ಮಗುವಿನ ಪ್ರಶ್ನೆಗೆ ಏನೋ ಹಾರಿಕೆಯ ಉತ್ತರ ಕೊಟ್ಟು ಕಳುಹಿಸಿದೆವು. ಆದರೆ ಅದಾದ ತಿಂಗಳೊಳಗೆ ನಮ್ಮ ಬಳಗದ ಸಭೆಯಲ್ಲಿ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಎದ್ದುನಿಂತಿತು. ಹಿರಿಯ ಸದಸ್ಯರೊಬ್ಬರು, ಇನ್ನು ಮುಂದೆ ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಸಂಕ್ರಾಂತಿ ಈ ನಾಲ್ಕನ್ನು ಮಾತ್ರ ಅನುಕೂಲವಾದ ಭಾನುವಾರಗಳಲ್ಲಿ ಆಚರಿಸೋಣ, ಹೊಲಗದ್ದೆಯ ಸಣ್ಣಪುಟ್ಟ ಹಬ್ಬಗಳನ್ನು ಕೈಬಿಡೋಣ, ಹೊಲವೇ ಇಲ್ಲದವರಿಗೆ ಹೊಲದ ಹಬ್ಬ ಏಕೆ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಉತ್ತರವೂ ನಮ್ಮಲ್ಲಿ ಅಂದು ಸಿದ್ಧವಿರಲಿಲ್ಲ. ಈ ಲೇಖನ ಆ ಎರಡು ಪ್ರಶ್ನೆಗಳಿಂದ ಹುಟ್ಟಿದ್ದು.

ಮೊದಲು ನಾವು ಇಲ್ಲಿಗೆ ಬಂದ ಬಗೆಯನ್ನು ನೆನೆಯಬೇಕು. ಮದರಾಸು ಒಂದು ಕಾಲಕ್ಕೆ ಕನ್ನಡಿಗರಿಗೆ ಪರಊರಾಗಿರಲಿಲ್ಲ, ಅವರ ರಾಜಧಾನಿಯೇ ಆಗಿತ್ತು. ದಕ್ಷಿಣ ಕನ್ನಡ 1799ರಲ್ಲಿ, ಬಳ್ಳಾರಿ 1800ರಲ್ಲಿ ಇಂಗ್ಲಿಷರ ಕೈಸೇರಿ ಮದರಾಸು ಪ್ರಾಂತ್ಯದ ಜಿಲ್ಲೆಗಳಾದವು. ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಹೈಕೋರ್ಟು, ವಿಶ್ವವಿದ್ಯಾನಿಲಯ, ಸೆಕ್ರೆಟೇರಿಯಟ್ಟು ಎಲ್ಲವೂ ಇಲ್ಲಿಯೇ. ನಮ್ಮ ತಂದೆಯವರು 1940ರ ದಶಕದಲ್ಲಿ ಬಳ್ಳಾರಿ ಸೀಮೆಯಿಂದ ಗುಮಾಸ್ತೆಯಾಗಿ ಬಂದದ್ದು ಹಾಗೆ. ಕರಾವಳಿಯವರು ಬಂದದ್ದು ಮುಖ್ಯವಾಗಿ ಹೋಟೆಲಿಗೆ. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದ ಕಥೆ ನಮ್ಮ ವಾಚಕರಿಗೆಲ್ಲ ತಿಳಿದೇ ಇದೆ. ಹೀಗೆ ಬಂದವರು ಪೆಟ್ಟಿಗೆಯಲ್ಲಿ ಬಟ್ಟೆಬರೆಯ ಜತೆಗೆ ಒಂದು ಪಂಚಾಂಗವನ್ನೂ ತಂದರು. ಪಂಚಾಂಗದಲ್ಲಿ ಹಬ್ಬಗಳು ಬಂದವು. ಆ ಹಬ್ಬಗಳ ಬೆನ್ನಿಗಿದ್ದ ಮಳೆ ಮಾತ್ರ ಬರಲಿಲ್ಲ.

ಇದು ಅಲಂಕಾರದ ಮಾತಲ್ಲ. ಊರಿನ ರೈತ ಮಳೆಯನ್ನು ಚಾಂದ್ರಮಾನದಿಂದ ಎಣಿಸುವುದಿಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ನಕ್ಷತ್ರದ ಹೆಸರೇ ಮಳೆಯ ಹೆಸರು. ಏಪ್ರಿಲ್ ಕೊನೆಗೆ ಭರಣಿ, ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬೆ, ಉತ್ತರೆ, ಹಸ್ತ. ಅಕ್ಟೋಬರಿನಲ್ಲಿ ಚಿತ್ತ, 24ರ ಸುಮಾರಿಗೆ ಸ್ವಾತಿ, ನವೆಂಬರಿನಲ್ಲಿ ವಿಶಾಖ. ಅಲ್ಲಿಗೆ ನಮ್ಮೂರ ಪಟ್ಟಿ ಹೆಚ್ಚುಕಡಿಮೆ ಮುಗಿಯುತ್ತದೆ. ಚೆನ್ನೈಯಲ್ಲಿ ಈಶಾನ್ಯ ಮಾರುತ ಕಾಲಿಡುವುದು ಸಾಮಾನ್ಯವಾಗಿ ಅಕ್ಟೋಬರ್ 20ರ ಆಸುಪಾಸು. ಎಂದರೆ ಊರಿನ ಪಟ್ಟಿ ಮುಗಿಯುವ ಚಿತ್ತ, ಸ್ವಾತಿಗಳಲ್ಲಿ ಇಲ್ಲಿನ ಪಟ್ಟಿ ಶುರುವಾಗುತ್ತದೆ! ಈ ನಗರದಲ್ಲಿ ವರ್ಷಕ್ಕೆ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ನೂರಕ್ಕೆ ಅರವತ್ತರಷ್ಟು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮೂರು ತಿಂಗಳಲ್ಲಿ ಬೀಳುತ್ತದೆ. ಉಡುಪಿ ಮಂಗಳೂರುಗಳಲ್ಲಿ ಇದಕ್ಕಿಂತ ಎರಡೂವರೆ ಪಟ್ಟು ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುತ್ತದೆ.

ಈಗ ಹಬ್ಬಗಳನ್ನು ಈ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿ. ಜ್ಯೇಷ್ಠದ ಹುಣ್ಣಿಮೆ ಕಾರಹುಣ್ಣಿಮೆ. ಮೃಗಶಿರಾ ಮಳೆ ಬಿದ್ದು ನೆಲ ಹದವಾಗುವ ಕಾಲ. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಊರ ಅಗಸೆಯಲ್ಲಿ ಕರಿ ಹರಿಯುತ್ತಾರೆ. ಯಾವ ಬಣ್ಣದ ಎತ್ತು ಮೊದಲು ನುಗ್ಗಿತೋ ಆ ಬಣ್ಣದ ಧಾನ್ಯ ಆ ವರ್ಷ ಚೆನ್ನಾಗಿ ಬೆಳೆಯುತ್ತದೆಂದು ನಂಬಿಕೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಎತ್ತಿದ್ದವರಿಗೂ ಇಲ್ಲದವರಿಗೂ ಅಂದು ಒಂದು ಜೋಡಿ ಎತ್ತು, ಕೆರೆಯ ಜೇಡಿಮಣ್ಣಿನದು. ಶ್ರಾವಣದ ನಾಗರ ಪಂಚಮಿಗೆ ಬಿತ್ತನೆ ಮುಗಿದಿರುತ್ತದೆ, ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುತ್ತಾರೆ. ಆಶ್ವಯುಜದ ಶೀಗಿ ಹುಣ್ಣಿಮೆಗೆ ಹೊಲ ತುಂಬಿ ನಿಂತಿರುತ್ತದೆ; ಮಲೆನಾಡಿನಲ್ಲಿ ಅದೇ ಭೂಮಿ ಹುಣ್ಣಿಮೆ. ತುಂಬು ಬಸುರಿಗೆ ಸೀಮಂತ ಮಾಡುವ ಹಾಗೆ ಭೂಮಿತಾಯಿಗೆ ಬಯಕೆಯ ಊಟ. ಎಲ್ಲವೂ ನೈರುತ್ಯ ಮಾರುತದ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದ ಹಬ್ಬಗಳು.

ಇವನ್ನೇ ತಿರುವಲ್ಲಿಕೇಣಿಯಲ್ಲಿ ನಿಂತು ನೋಡಿದರೆ ಹೇಗೆ? ಕಾರಹುಣ್ಣಿಮೆಯ ಹೊತ್ತಿಗೆ ಇಲ್ಲಿ ಕತ್ತರಿ ಬಿಸಿಲು ಕಳೆದಿರುತ್ತದೆ ಎಂದು ಹೆಸರಿಗೆ ಮಾತ್ರ, ಬಾವಿಗಳು ತಳಕಂಡಿರುತ್ತವೆ. ನಾವು ಚಿಕ್ಕವರಿದ್ದಾಗ, 1950ರ ದಶಕದಲ್ಲಿ, ಮಣ್ಣೆತ್ತಿಗೆ ಹಸಿಮಣ್ಣು ಸಿಗುವುದೇ ಒಂದು ಪೇಚಾಟವಾಗಿತ್ತು. ದೇವಸ್ಥಾನದ ಕೊಳದ ಮಣ್ಣನ್ನು ಮುಟ್ಟುವಂತಿಲ್ಲ, ಸಮುದ್ರದ ಮರಳು ಎತ್ತಾಗುವುದಿಲ್ಲ. ಕಡೆಗೆ ಅಪ್ಪ ಪುರಸವಾಕದ ಕಡೆಯ ಕೊಸಪೇಟೆಗೆ ಹೋಗಿ, ಗೊಂಬೆ ಮಾಡುವ ಕುಂಬಾರರ ಹತ್ತಿರ ಒಂದು ಮುದ್ದೆ ಜೇಡಿಮಣ್ಣನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಿದ್ದರು. ಗಣೇಶನಿಗೆ ಇನ್ನೂ ಎರಡು ತಿಂಗಳು ಇರುವಾಗ ಈ ಬಳ್ಳಾರಿಯವರಿಗೆ ಮಣ್ಣೇಕೆ ಎಂದು ಆ ಕುಂಬಾರರಿಗೆ ಪ್ರತಿ ವರ್ಷವೂ ಆಶ್ಚರ್ಯ.

ನಮ್ಮ ಮನೆಯ ವಾಡಿಕೆಯಂತೆ ಪೂಜೆಯಾದ ಎತ್ತುಗಳನ್ನು ಮರುದಿನ ಮಾಳಿಗೆಗೆ ಒಯ್ದು ಇಡಬೇಕು, ಮಳೆಗೆ ಅವು ಕರಗಬೇಕು. ಊರಿನಲ್ಲಿ ಇದಕ್ಕೆ ಹೆಚ್ಚು ದಿನ ಹಿಡಿಯುತ್ತಿರಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಇಲ್ಲಿ ಅವು ತಾರಸಿಯ ಮೂಲೆಯಲ್ಲಿ ಬಿಸಿಲಿಗೆ ಒಣಗಿ ಇಟ್ಟಿಗೆಯಂತಾಗುತ್ತಿದ್ದವು. ಶ್ರಾವಣ ಭಾದ್ರಪದಗಳ ಸಂಜೆಯಲ್ಲಿ ಒಂದೊಂದು ಗುಡುಗುಮಳೆ ಬಂದಾಗ ಒಂದು ಕೋಡು ಹೋಗುವುದು, ಇನ್ನೊಮ್ಮೆ ಕಿವಿ ಹೋಗುವುದು. ಮೈ ಮಾತ್ರ ಹಾಗೆಯೇ. ದೀಪಾವಳಿಯ ಮುಂಚೆಯೋ ಆಮೇಲೆಯೋ ರಾತ್ರಿಯಿಡೀ ಮಳೆ ಹೊಡೆದು, ಬೆಳಿಗ್ಗೆ ತಾರಸಿಗೆ ಹೋದರೆ ಅಲ್ಲಿ ಕೆಂಪು ಕೆಸರಿನ ಒಂದು ಗೆರೆ ಉಳಿದಿರುತ್ತಿತ್ತು. ಅವ್ವ ಅದನ್ನು ನೋಡಿ, "ಈಗ ಹೋದ್ವು ನೋಡು ಹೊಲಕ್ಕ" ಎನ್ನುತ್ತಿದ್ದಳು. ಆಗ ಅದು ತಮಾಷೆಯಾಗಿ ಕೇಳಿತ್ತು. ಈಗ ಯೋಚಿಸಿದರೆ, ಅವ್ವ ಯಾವ ಪುಸ್ತಕವನ್ನೂ ಓದದೆ ಈಶಾನ್ಯ ಮಾರುತವನ್ನು ತನ್ನ ಪಂಚಾಂಗದಲ್ಲಿ ಸೇರಿಸಿಕೊಂಡಿದ್ದಳು ಎನಿಸುತ್ತದೆ.

ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಕುಂದಾಪುರದ ಕಡೆಯ ಒಂದು ಸಂಸಾರವಿತ್ತು, ಹೋಟೆಲಿನವರು. ಅವರಿಗೆ ಈ ಪೇಚಾಟ ನಮ್ಮಷ್ಟು ಇರಲಿಲ್ಲ. ಕರಾವಳಿಯವರ ಲೆಕ್ಕ ಸೌರಮಾನ. ನಾವು ಬೇವುಬೆಲ್ಲ ತಿಂದು ಎರಡು ಮೂರು ವಾರವಾದ ಮೇಲೆ ಏಪ್ರಿಲ್ 14ರ ಸುಮಾರಿಗೆ ಅವರ ವಿಷು ಬರುತ್ತಿತ್ತು. ಅದೇ ದಿನ ಎದುರು ಮನೆಯವರಿಗೆ ತಮಿಳು ಹೊಸ ವರ್ಷ. ತುಳುವಿನ ಆಟಿ ತಿಂಗಳು ತಮಿಳಿನ ಆಡಿಯೇ, ತುಳುವಿನ ಸೋಣ ಇವರ ಆವಣಿಯೇ. ಎರಡು ಕಡೆಯೂ ಆಟಿಯಲ್ಲಿ ಮದುವೆ ಮುಂಜಿ ಇಲ್ಲ. ಊರಿನಲ್ಲಿ ಆಟಿಯೆಂದರೆ ಹೊರಗೆ ಕಾಲಿಡಲಾಗದ ಮಳೆ, ಕಣಜ ಬರಿದಾದ ಕಾಲ, ರೋಗರುಜಿನ. ಅಮಾವಾಸ್ಯೆಯ ನಸುಕಿನಲ್ಲಿ ಪಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುತ್ತಾರೆ. ಮರ ಗುರುತು ತಪ್ಪಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ತಿಳಿದವರೇ ತರಬೇಕು. ಮದರಾಸಿನಲ್ಲಿ ಆಡಿಯೆಂದರೆ ಜವಳಿ ಅಂಗಡಿಗಳ ರಿಯಾಯಿತಿ ಮಾರಾಟ! ಮದುವೆಯಿಲ್ಲದ ತಿಂಗಳಲ್ಲಿ ಸೀರೆ ಮಾರಬೇಕಲ್ಲ. ಹೆಸರೂ ದಿನವೂ ಒಂದೇ ಆದರೂ ಕೆಳಮನೆಯ ಅಮ್ಮನವರಿಗೆ ಒಂದೇ ಕೊರಗು: "ಆಟಿಯಂತೆ, ಒಂದು ಹನಿ ಮಳೆಯಿಲ್ಲ."

ಈ ಆಟಿ ಅಮಾವಾಸ್ಯೆಯ ಬಗ್ಗೆ ಇನ್ನೊಂದು ಮಾತು. ಚಾಂದ್ರಮಾನದವರ ಆಷಾಢ ಬಹುಳ ಅಮಾವಾಸ್ಯೆಯೂ ಅದೇ ದಿನ. ಹಳೆಯ ಮೈಸೂರಿನವರಿಗೆ ಅದು ಭೀಮನ ಅಮಾವಾಸ್ಯೆ, ಗಂಡನ ಪೂಜೆ. ತುಳುವರಿಗೆ ಕಷಾಯ. ತಮಿಳರಿಗೆ ಆಡಿ ಅಮಾವಾಸ್ಯೆ, ಸಮುದ್ರತೀರದಲ್ಲಿ ಪಿತೃಗಳಿಗೆ ತರ್ಪಣ. ಮೆರೀನಾದ ಕಡೆಗೆ ಹೊರಟ ಎದುರು ಮನೆಯವರೂ, ಕಹಿ ಮುಖ ಮಾಡಿಕೊಂಡ ಕೆಳಮನೆಯ ಹುಡುಗರೂ, ಪಾದಪೂಜೆ ಮಾಡಿಸಿಕೊಳ್ಳಲು ಕಚೇರಿಗೆ ತಡವಾಗಿ ಹೋಗುವ ಮೈಸೂರಿನ ಗೃಹಸ್ಥರೂ ಒಂದೇ ಬೀದಿಯಲ್ಲಿ ಒಂದೇ ಬೆಳಿಗ್ಗೆ ಕಾಣಸಿಗುತ್ತಿದ್ದರು. ಮಳೆ ಊರೂರಿಗೆ ಬೇರೆಯಾದರೂ ಚಂದ್ರ ಬೇರೆಯಲ್ಲವಷ್ಟೆ.

ಹಾಗಾದರೆ ಹಬ್ಬವೆಂದರೆ ತಿಥಿಯೋ, ಋತುವೋ? ಈ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಹಳ್ಳಿಯ ಹಬ್ಬಗಳನ್ನು ‘ಪೇಗನ್’ ಎಂದು ಕರೆದಿರುವುದನ್ನು ಕಂಡು ಕೆಲವರು ಬೇಸರಪಡುತ್ತಾರೆ. ಆ ಶಬ್ದದ ಮೂಲ ಲ್ಯಾಟಿನ್. ‘ಪಾಗಾನುಸ್’ ಎಂದರೆ ಹಳ್ಳಿಯವನು, ನಾಡಿನವನು ಎಂದಷ್ಟೇ ಮೊದಲ ಅರ್ಥ. ರೋಮಿನ ಪಟ್ಟಣಗಳಲ್ಲಿ ಹೊಸ ಮತ ಹರಡಿದ ಮೇಲೂ ಹಳೆಯ ದೇವರುಗಳನ್ನು ಬಿಡದವರಿಗೆ ಆ ಹೆಸರು ಅಂಟಿಕೊಂಡಿತು. ಯುರೋಪಿನಲ್ಲಿ ಅಂಥ ಹಬ್ಬಗಳನ್ನು ಮತ್ತೆ ಹಿಡಿದವರು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವರ್ಷಕ್ಕೆ ಎಂಟರಂತೆ ಒಂದು ಚಕ್ರವನ್ನು ಕಟ್ಟಿಕೊಂಡರು: ಎರಡು ಅಯನ, ಎರಡು ವಿಷುವ, ಅವುಗಳ ನಡುವೆ ನಾಲ್ಕು. ಈ ಚಕ್ರ ಆಸ್ಟ್ರೇಲಿಯಕ್ಕೆ ಹೋದಾಗ ನಮ್ಮಂಥದೇ ತೊಡಕು ಎದುರಾಯಿತು. ಅಲ್ಲಿ ಡಿಸೆಂಬರ್ ಕಡುಬೇಸಿಗೆ. ಮಂಜಿನ ಹಬ್ಬವನ್ನು ಬಿಸಿಲಿನಲ್ಲಿ ಮಾಡುವುದು ಹೇಗೆ? ಅಲ್ಲಿನ ಅನೇಕರು ಚಕ್ರವನ್ನೇ ತಿರುಗಿಸಿ ಚಳಿಗಾಲದ ಹಬ್ಬವನ್ನು ಜೂನಿಗೆ ಇಟ್ಟುಕೊಂಡರು. ಕ್ರಿಸ್ತಮಸ್ಸನ್ನು ಮಾತ್ರ ಯಾರೂ ಕದಲಿಸಲಿಲ್ಲ. ಅದು ಅಲ್ಲಿ ಬೇಸಿಗೆಯ ಹಬ್ಬವಾಗಿಯೇ ಬೆಳೆಯಿತು. ದಿನವನ್ನು ಹಿಡಿದವರು ಒಂದು ದಾರಿ, ಋತುವನ್ನು ಹಿಡಿದವರು ಇನ್ನೊಂದು ದಾರಿ.

ನಮ್ಮ ಚರಿತ್ರೆಯಲ್ಲಿ ಎರಡೂ ದಾರಿಗಳ ಗುರುತು ಸಿಗುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನಕ್ಕೆ ಕಾಲ ಶಕ 500ರ, ಎಂದರೆ ಕ್ರಿ.ಶ. 578ರ, ಕಾರ್ತಿಕ ಹುಣ್ಣಿಮೆ. ವಿಷ್ಣುವಿಗೆ ಗುಡಿ ಅರ್ಪಿಸಲು ಮಂಗಲೇಶನು ಆ ಹುಣ್ಣಿಮೆಯನ್ನೇ ಆರಿಸಿಕೊಂಡ. ಹದಿನಾಲ್ಕೂವರೆ ಶತಮಾನಗಳ ಹಿಂದಿನ ಆ ಹುಣ್ಣಿಮೆಯನ್ನು ನಾವು ಇಂದಿಗೂ ಗೌರಿಹುಣ್ಣಿಮೆಯೆಂದು ಸಕ್ಕರೆ ಆರತಿ ಮಾಡಿ ಕಳೆಯುತ್ತೇವೆ. ತಿಥಿಯ ನೆನಪು ಅಷ್ಟು ಗಟ್ಟಿ.

ಋತುವಿನ ಮಾತಿಗೆ ವಿಜಯನಗರಕ್ಕೆ ಬರಬೇಕು. 1420ರ ಸುಮಾರಿಗೆ ಬಂದ ಇಟಲಿಯ ನಿಕೊಲೊ ಕಾಂಟಿ ಅಲ್ಲಿನ ಹಬ್ಬಗಳನ್ನು ಹೆಸರು ಹೇಳದೆ ವರ್ಣಿಸಿದ್ದಾನೆ: ನದಿಯಲ್ಲೋ ಸಮುದ್ರದಲ್ಲೋ ಮಿಂದು ಹೊಸ ಬಟ್ಟೆ ಉಟ್ಟು ಮೂರು ದಿನ ಹಾಡಿ ಕುಣಿಯುವ ಹಬ್ಬವೊಂದು, ಗುಡಿಗಳಲ್ಲೂ ಮಾಳಿಗೆಗಳ ಮೇಲೂ ಎಳ್ಳೆಣ್ಣೆಯ ದೀಪಗಳನ್ನು ಹಗಲಿರುಳು ಉರಿಸುವ ಹಬ್ಬವೊಂದು, ಒಂಬತ್ತು ದಿನದ್ದೊಂದು, ಹಾದುಹೋಗುವವರ ಮೇಲೆ, ಅರಸನೆಂದೂ ನೋಡದೆ, ಕೇಸರಿ ನೀರೆರಚುವ ಹಬ್ಬವೊಂದು. ನೂರು ವರ್ಷದ ನಂತರ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗಲ್ಲಿನ ದೊಮಿಂಗೊ ಪಾಯೆಸ್ ಮಹಾನವಮಿಯನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ಬರೆದ. ಅದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಅವನು ಅದರ ಜತೆಗೆ ಹೇಳಿದ ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿತು. ಈ ಜನ ತಿಂಗಳನ್ನು ಚಂದ್ರನಿಂದ ಚಂದ್ರನಿಗೆ ಎಣಿಸುತ್ತಾರೆ, ಅಕ್ಟೋಬರ್ 12ರಂದು ಇವರ ಹೊಸ ವರ್ಷ, ಎಲ್ಲರೂ ಹೊಸ ಬಟ್ಟೆ ಉಡುತ್ತಾರೆ ಎಂದು ಅವನು ಬರೆಯುತ್ತಾನೆ. ಅಕ್ಟೋಬರಿನಲ್ಲಿ ಎಂಥ ಹೊಸ ವರ್ಷ? ಪಾಯೆಸನ ಬರಹವನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ರಾಬರ್ಟ್ ಸಿವೆಲ್ ಲೆಕ್ಕ ಹಾಕಿ, ಅದು 1520ರ ಕಾರ್ತಿಕ ಶುದ್ಧ ಪಾಡ್ಯ ಎಂದು ಗುರುತಿಸಿದ. ಎಂದರೆ ನಮ್ಮ ಬಲಿಪಾಡ್ಯಮಿ! ಇಂದಿಗೂ ಗುಜರಾತಿನ ವರ್ತಕರಿಗೆ ಹೊಸ ವರ್ಷ ಅದೇ ದಿನ. ನಮ್ಮ ಸೌಕಾರಪೇಟೆಯಲ್ಲಿ ಆ ದಿನದ ಸಡಗರವನ್ನು ಕಂಡವರು ಬಲ್ಲರು. ಮಳೆ ಹಿಂದೆಗೆದು, ದಾರಿ ಒಣಗಿ, ದಂಡು ಹೊರಡುವುದಕ್ಕೂ ಬಂಡಿ ಹೂಡುವುದಕ್ಕೂ ಅನುವಾಗುವ ಕಾಲವೇ ಅವರಿಗೆ ವರ್ಷದ ಬಾಗಿಲು. ಯುಗಾದಿಯೊಂದೇ ಅನಾದಿಯಿಂದ ಕನ್ನಡಿಗರ ಹೊಸ ವರ್ಷ ಎಂದು ಸಭೆಗಳಲ್ಲಿ ಭಾಷಣ ಮಾಡುವಾಗ ಹಂಪೆಯ ಈ ಅಕ್ಟೋಬರನ್ನು ನೆನೆಯುವುದು ಒಳ್ಳೆಯದು. ತಮಿಳುನಾಡಿನಲ್ಲಿಯೂ ಈಚೆಗೆ ಇಂಥದೇ ಚರ್ಚೆ ನಡೆಯಿತಲ್ಲ. 2008ರಲ್ಲಿ ಕಾನೂನು ಮಾಡಿ ತೈ ತಿಂಗಳ ಮೊದಲ ದಿನವನ್ನು ಹೊಸ ವರ್ಷವೆಂದರು. 2011ರಲ್ಲಿ ಆ ಕಾನೂನನ್ನು ರದ್ದುಮಾಡಿ ಮತ್ತೆ ಚಿತ್ತಿರೈಗೆ ತಂದರು.

ಋತು ಜಾರುವುದಕ್ಕೆ ಊರು ಬಿಡಲೇಬೇಕೆಂದೂ ಇಲ್ಲ. ಉತ್ತರಾಯಣ ನಿಜವಾಗಿ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14-15ಕ್ಕೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ನಡೆಯುವುದರಿಂದ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದಕ್ಕೆ ಹೋಗುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಆಗ ಅದು 1863ರ ಜನವರಿ 12. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ಇದನ್ನೆಲ್ಲ ವಿವರಿಸಿ ವರದಿ ಕೊಟ್ಟಿತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಜಾರಿಗೆ ಬಂತು. ಆಕಾಶವಾಣಿಯಲ್ಲಿ ಅದನ್ನು ಕೇಳಿದೆವು, ಹಬ್ಬವನ್ನು ಮಾತ್ರ ಹಳೆಯ ಲೆಕ್ಕದಲ್ಲೇ ಮಾಡಿದೆವು. ಇನ್ನು ಚಾಂದ್ರಮಾನದ ತುಯ್ದಾಟ ಬೇರೆ. ಕಾರಹುಣ್ಣಿಮೆ 2023ರಲ್ಲಿ ಜೂನ್ ಮೊದಲ ವಾರಕ್ಕೇ ಬಂದಿತ್ತು. ಅಧಿಕ ಜ್ಯೇಷ್ಠವಿರುವ 2026ರಲ್ಲಿ ಅದು ಜೂನ್ ಕೊನೆಯ ವಾರದ್ದು. ಊರಿನ ರೈತನಿಗೂ ಹಬ್ಬ ಮತ್ತು ಮಳೆ ಪ್ರತಿವರ್ಷ ಒಂದೇ ಗಳಿಗೆಯಲ್ಲಿ ಕೂಡಿಬರುವುದಿಲ್ಲ. ಅದಕ್ಕೇ ಅವನು ಎರಡು ಲೆಕ್ಕ ಇಟ್ಟುಕೊಂಡಿದ್ದಾನೆ, ಹಬ್ಬಕ್ಕೆ ಚಂದ್ರ, ಬಿತ್ತನೆಗೆ ಮಳೆ ನಕ್ಷತ್ರ.

ನಮ್ಮ ಹಿರಿಯ ಸದಸ್ಯರ ವಾದದಲ್ಲಿ ಸಡಿಲ ಕಂಡದ್ದು ಇಲ್ಲಿಯೇ. ಮಣ್ಣೆತ್ತಿನ ಹಬ್ಬ ಮಳೆಯಿಲ್ಲದ ವರ್ಷ ಬಳ್ಳಾರಿಯಲ್ಲೂ ಬಂದಿದೆ. ಬರಗಾಲಕ್ಕೆ ಹೆಸರಾದ ಸೀಮೆ ಅದು. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ ಪುಣ್ಯ. ಆದರೂ ಎತ್ತು ಮಾಡಿದ್ದಾರೆ. ಮಳೆ ಬಂತೆಂದು ಮಾಡಿದ ಹಬ್ಬ ಅದಲ್ಲ, ಬರಲಿ ಎಂದು ಮಾಡಿದ್ದು.

ಈ ನೆಲದವರ ಹಬ್ಬಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತಮಿಳರ ದನಗಳ ಹಬ್ಬ ಮಾಟ್ಟು ಪೊಂಗಲ್, ಸಾಂಬಾ ಭತ್ತದ ಕೊಯ್ಲು ಕೈಗೆ ಬಂದ ಮೇಲೆ. ನಮ್ಮ ಕಾರಹುಣ್ಣಿಮೆ ಉಳುಮೆಯ ಮೊದಲು. ಅವರು ದುಡಿದ ಎತ್ತಿಗೆ ಕೈಮುಗಿಯುತ್ತಾರೆ, ನಾವು ದುಡಿಯಲಿರುವ ಎತ್ತಿಗೆ. ಆಡಿ ಹದಿನೆಂಟು, ಎಂದರೆ ಆಗಸ್ಟ್ 2-3ರ ಸುಮಾರಿಗೆ, ಇವರು ಕಾವೇರಿಗೆ ಪೂಜೆ ಮಾಡಿ ಚಿತ್ರಾನ್ನಗಳನ್ನು ಕಟ್ಟಿಕೊಂಡು ನದಿತೀರದಲ್ಲಿ ಊಟಮಾಡುತ್ತಾರೆ. ತಮಿಳುನಾಡಿನ ಬಯಲಿನಲ್ಲಿ ಆಗ ಮಳೆಗಾಲವಲ್ಲ. ಆ ಹೊಸ ನೀರು ಕೊಡಗಿನ ಮಳೆಯದು. ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿದ ಮೇಲೆ ಜೂನ್ 12ಕ್ಕೆ ನೀರು ಬಿಡುವ ವಾಡಿಕೆಯೂ ಅದೇ ಮಳೆಯನ್ನು ನಂಬಿದ್ದು. ಕೆ.ಆರ್.ಎಸ್. ತುಂಬಿದಾಗ ಅಲ್ಲಿ ಬಾಗಿನ, ಇಲ್ಲಿ ಆಡಿಪೆರುಕ್ಕು. ಚೆನ್ನೈಯಲ್ಲಿ ಕಾವೇರಿ ಹರಿಯುವುದಿಲ್ಲ ಎನ್ನುವಿರಾ? 2004ರಿಂದ ವೀರಾಣಂ ಕೆರೆಯ ಕಾವೇರಿ ನೀರು ಕೊಳವೆಯಲ್ಲಿ ಈ ನಗರಕ್ಕೆ ಬರುತ್ತಿದೆ. 1996ರಿಂದ ಕೃಷ್ಣೆಯ ನೀರು ಪೂಂಡಿಗೆ ಬರುತ್ತಿದೆ. ನೀರಿನ ಜಗಳಗಳ ವಿಚಾರ ಇಲ್ಲಿ ಬೇಡ. ಜೂನಿನಲ್ಲಿ ನಮ್ಮ ತಾರಸಿಯ ಮೇಲೆ ಮಳೆ ಬೀಳದಿದ್ದರೂ ಮಹಾಬಲೇಶ್ವರದಲ್ಲೂ ಭಾಗಮಂಡಲದಲ್ಲೂ ಬಿದ್ದ ಮಳೆ ನಮ್ಮ ಕೊಡಕ್ಕೆ ಬಂದೇ ಬರುತ್ತದೆ ಎಂಬುದಷ್ಟೇ ನಾವು ಹೇಳಬೇಕಾದದ್ದು. ಮೊಮ್ಮಗಳಿಗೆ ಅಂದು ಈ ಉತ್ತರ ಕೊಡಬಹುದಾಗಿತ್ತು.

ಎಲ್ಲ ಹಬ್ಬಗಳೂ ಇಲ್ಲಿ ಎಡವುವುದಿಲ್ಲ. ನವರಾತ್ರಿಯ ಗೊಂಬೆ ನಮಗೂ ಇವರಿಗೂ ಸಮಾನ. ವಿಜಯನಗರದ ಮಹಾನವಮಿ 1610ರಲ್ಲಿ ರಾಜ ಒಡೆಯರ ಶ್ರೀರಂಗಪಟ್ಟಣಕ್ಕೆ ಹೋದಂತೆ ರಾಮನಾಥಪುರದ ಸೇತುಪತಿಗಳ ಅರಮನೆಗೂ ಹೋಯಿತು. ದೀಪಾವಳಿಯಲ್ಲಿ ಸ್ವಲ್ಪ ಕಸಿವಿಸಿ ಇದೆ. ಇಲ್ಲಿ ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನಕ್ಕೆ ಹಬ್ಬ ಮುಗಿದಂತೆ. ನಮ್ಮ ಪಾಡ್ಯಕ್ಕೆ, ಸಗಣಿಯ ಪಾಂಡವರನ್ನಿಟ್ಟು ಪೂಜಿಸುವ ದಿನಕ್ಕೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಮಳೆಯ ಕಾಟ ಬೇರೆ. 2015ರಲ್ಲಿ ದೀಪಾವಳಿ ನವೆಂಬರ್ 10ಕ್ಕೆ ಬಂದಾಗ ಪಟಾಕಿಗಿಂತ ಮಳೆಯ ಸದ್ದೇ ಹೆಚ್ಚಾಗಿತ್ತು, ಡಿಸೆಂಬರ್ ಮೊದಲ ದಿನಗಳಲ್ಲಿ ಅಡಯಾರು ಉಕ್ಕಿ ಮನೆಮನೆಗೆ ನುಗ್ಗಿದ್ದನ್ನು ಯಾರು ಮರೆತಾರು? ಯುಗಾದಿಗೆ ಇಲ್ಲಿ ಸರ್ಕಾರಿ ರಜೆಯುಂಟು, ಆದರೆ ಪಟ್ಟಿಯಲ್ಲಿ ಅದರ ಹೆಸರು ತೆಲುಗು ವರ್ಷಾರಂಭ. ರಜೆ ಸಿಕ್ಕಿತಲ್ಲ ಎಂದು ನಾವು ಸುಮ್ಮನಿದ್ದೇವೆ!

ಚೆನ್ನೈಗೆ ಹೇಳಿಮಾಡಿಸಿದಂತೆ ಒಪ್ಪುವ ನಮ್ಮ ಹಬ್ಬವೆಂದರೆ ಎಳ್ಳಮಾವಾಸ್ಯೆ. ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರ್ ಕೊನೆ ಅಥವಾ ಜನವರಿಯ ಮೊದಲು. ಊರ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುವಾಗ ಮನೆಮಂದಿಯೆಲ್ಲ ಬಂಡಿಕಟ್ಟಿ ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ಎಡೆಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ. ಇಲ್ಲಿ ಅದು ಮಾರ್ಗಳಿ. ಮಳೆ ಮುಗಿದು, ಗಾಳಿ ತಂಪಾಗಿ, ಚೆಂಗಲ್ಪಟ್ಟಿನ ಕಡೆ ಸಾಂಬಾ ಭತ್ತ ಹಾಲುಗಟ್ಟಿರುವ ಕಾಲ. ತಮಿಳರಿಗೆ ಆ ಅಮಾವಾಸ್ಯೆಯೇ ಹನುಮಜ್ಜಯಂತಿ. ನಂಗನಲ್ಲೂರಿನ ಆಂಜನೇಯನಿಗೆ ಜನ ಸಾಲುಗಟ್ಟಿರುತ್ತಾರೆ. ಜೂನಿನಲ್ಲಿ ಬೇರೆಬೇರೆಯಾದ ಎರಡು ಕ್ಯಾಲೆಂಡರುಗಳು ಈ ಅಮಾವಾಸ್ಯೆಗೆ ಬಂದು ಒಂದಾಗುತ್ತವೆ, ಅಲ್ಲಿಂದ ಸಂಕ್ರಾಂತಿ ಪೊಂಗಲ್ಲಿನವರೆಗೆ ಜತೆಯಾಗಿಯೇ ನಡೆಯುತ್ತವೆ.

ನಾವು ಚಿಕ್ಕವರಿದ್ದಾಗ ಎಳ್ಳಮಾವಾಸ್ಯೆಗೆ ನಮ್ಮ ಹೊಲ ಮೆರೀನಾ. ಅವ್ವ ರೊಟ್ಟಿಗಂಟು ಕಟ್ಟಿಕೊಂಡು, ಮರಳಿನ ಮೇಲೆ ಎಡೆಹಾಕಿ, ನಾಲ್ಕು ದಿಕ್ಕಿಗೆ ಚರಗ ಚೆಲ್ಲುವಾಗ ಸುಂಡಲ್ ಮಾರುವ ಹುಡುಗರು ಸುತ್ತ ನೆರೆದು ನೋಡುತ್ತಿದ್ದರು. ಅವರಿಗೂ ಒಂದೊಂದು ಕಡುಬು. ಅಪ್ಪನಿಗೆ ಇದು ಸ್ವಲ್ಪ ನಾಚಿಕೆ. ಕಚೇರಿಯವರು ಯಾರಾದರೂ ನೋಡಿಯಾರೆಂದು ದೂರ ಕುಳಿತು ಪತ್ರಿಕೆ ಓದುತ್ತಿದ್ದರು. ಸಮುದ್ರಕ್ಕೆ ಚರಗ ಚೆಲ್ಲಿದರೆ ಏನು ಬೆಳೆಯುತ್ತದೆಂದು ಒಮ್ಮೆ ಅವರು ಕೇಳಿದ್ದಕ್ಕೆ ಅವ್ವ, "ಮುಂದಿನ ವರ್ಷದ ಮಳಿ ಅಲ್ಲಿಂದನ ಬರೂದಲ್ಲೇನ್ರೀ" ಎಂದಳು. ಇಲ್ಲಿನ ಮಳೆ ಸಮುದ್ರದ ಕಡೆಯಿಂದ ಬರುತ್ತದೆ, ಪಡುವಣ ಬೆಟ್ಟದಿಂದಲ್ಲ ಎಂಬುದನ್ನು ಅವಳು ಹತ್ತು ಮಳೆಗಾಲ ಕಂಡು ತಿಳಿದುಕೊಂಡಿದ್ದಳು.

ಇಂಥ ಹೊಂದಾಣಿಕೆ ಮಾಡಿಕೊಂಡವರಲ್ಲಿ ನಾವು ಮೊದಲಿಗರೂ ಅಲ್ಲ. ನೀಲಗಿರಿಯ ಬಡಗರು ಕನ್ನಡಕ್ಕೆ ಅತಿ ಹತ್ತಿರದ ನುಡಿಯಾಡುವವರು; ಅವರ ತಿಂಗಳುಗಳಲ್ಲಿ ಆನಿ, ಆಡಿ, ತೈ ಎಂಬ ತಮಿಳು ಹೆಸರುಗಳ ನಡುವೆ ದೊಡ್ಡ ದೀವಿಗೆ, ಕಿರು ದೀವಿಗೆ ಎಂಬ ಅಚ್ಚ ಹಳೆಯ ಹೆಸರುಗಳು ಉಳಿದುಕೊಂಡಿವೆ. ನೂರಾರು ವರ್ಷ ಆ ಬೆಟ್ಟದಲ್ಲಿ ಬಾಳಿ ಅಲ್ಲಿನ ಋತುವಿಗೆ ತಮ್ಮ ವರ್ಷವನ್ನು ಹದಗೊಳಿಸಿಕೊಂಡರು, ಹೆತ್ತೆ ಹಬ್ಬವನ್ನು ಬಿಡಲಿಲ್ಲ.

ಭಾನುವಾರದ ಪ್ರಶ್ನೆಗೆ ಬರೋಣ. ಸಭೆಯಲ್ಲಿ ತರುಣಿಯೊಬ್ಬರು, ಭಾನುವಾರ ಬಿಟ್ಟರೆ ತಮಗೂ ಮಕ್ಕಳಿಗೂ ಬಿಡುವೇ ಇಲ್ಲವೆಂದು ಹೇಳಿದ್ದು ನಿಜ. ಬಳಗದ ಕೂಟ ಭಾನುವಾರವೇ ಆಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹುಣ್ಣಿಮೆಯನ್ನು ಭಾನುವಾರಕ್ಕೆ ಎಳೆತರಲಾಗುವುದಿಲ್ಲ. ಶೀಗಿ ಹುಣ್ಣಿಮೆಯ ರಾತ್ರಿ ಹತ್ತು ನಿಮಿಷ ತಾರಸಿಗೆ ಹೋಗಿ ಚಂದ್ರನನ್ನು ತೋರಿಸಿ, ಇವತ್ತು ನಮ್ಮೂರಲ್ಲಿ ಹೊಲಕ್ಕೆ ಊಟ ಎಂದು ಮಕ್ಕಳಿಗೆ ಹೇಳಲು ರಜೆ ಬೇಕಾಗಿಲ್ಲ, ಸಭಾಂಗಣದ ಬಾಡಿಗೆಯೂ ಇಲ್ಲ. ನಾವು ಇದನ್ನು ಸಭೆಯಲ್ಲಿ ಹೇಳಿದಾಗ ಹಿರಿಯ ಸದಸ್ಯರು ನಕ್ಕು, ನಿಮ್ಮ ಮನೆಗೆ ತಾರಸಿಯಿದೆ, ನಮ್ಮದು ಹದಿನಾಲ್ಕು ಅಂತಸ್ತಿನ ಕಟ್ಟಡದ ಮೂರನೆಯ ಮಹಡಿ ಎಂದರು. ಅದಕ್ಕೂ ನಮ್ಮ ಹತ್ತಿರ ಉತ್ತರವಿರಲಿಲ್ಲ. ಆದರೂ ಸಣ್ಣ ಹಬ್ಬಗಳನ್ನು ಪಟ್ಟಿಯಿಂದ ತೆಗೆಯುವ ಸೂಚನೆಯನ್ನು ಅಂದು ಅವರೇ ಹಿಂತೆಗೆದುಕೊಂಡರು.

ಕಳೆದ ವರ್ಷದ ನಮ್ಮ ಎತ್ತುಗಳು ಕರಗಿದ್ದು ಅಕ್ಟೋಬರಿನ ಕೊನೆಯ ವಾರದಲ್ಲಿ, ಸ್ವಾತಿ ಮಳೆಗೆ. ಮೊಮ್ಮಗಳು ಶಾಲೆಗೆ ಹೊರಡುವ ಮುನ್ನ ತಾರಸಿಗೆ ಓಡಿ ನೋಡಿಬಂದು ಸುದ್ದಿ ಹೇಳಿದಳು.

ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ಜೇಡಿಮಣ್ಣು ಬೇಕಾದವರು ನಾಲ್ಕು ದಿನ ಮೊದಲೇ ಬಳಗದ ಕಚೇರಿಗೆ ತಿಳಿಸಿದರೆ ಒಟ್ಟಿಗೆ ತರಿಸಬಹುದು. ಕೊಸಪೇಟೆಯಲ್ಲಿ ಈಗಲೂ ಮಣ್ಣು ಸಿಗುತ್ತದೆ. ಬಿಡಿಯಾಗಿ ಹೋದರೆ ಆಟೋದ ಬಾಡಿಗೆಯೇ ಹೆಚ್ಚಾಗುತ್ತದೆ.